ಹಿಚಿರಿಕಿಯೋ ಶೋವೋ: ಗಗಾಕು ಕಲಿಯುವವರಿಗೆ

ಜಪಾನಿನ ಅರಮನೆ ಸಂಗೀತವಾದ ಗಗಾಕುವಿನಲ್ಲಿ ಮುಖ್ಯ ರಾಗ ಹಿಚಿರಿಕಿ ಎಂಬ ಊದುವ ವಾದ್ಯದ್ದು. ಸುಮಾರು 18 ಸೆಂ.ಮೀ. ಉದ್ದದ ಬಿದಿರು, ಮುಂದೆ 7, ಹಿಂದೆ 2 ರಂಧ್ರ. ನಮ್ಮ ಶಹನಾಯಿಯಂತೆ ಜೋಡಿ ರೀಡ್. ನುಡಿಸುವ ಮುನ್ನ ರೀಡನ್ನು ಬಿಸಿ ಹಸಿರು ಚಹಾದಲ್ಲಿ ನೆನೆಸಬೇಕು. ಒಣಗಿದ್ದರೆ ಅದರ ಬಾಯಿ ತೆರೆಯದು. ಬೆರಳು ಕದಲಿಸದೆ ತುಟಿಯ ಹಿಡಿತದಲ್ಲೇ ಸ್ವರ ಜಾರಿಸುವುದು ಇದರ ಸೊಗಸು. ಹೊಸಬರ ಶ್ರುತಿ ಕೆಡುವುದೂ ಅಲ್ಲೇ. ಸದ್ದು ಮಾತ್ರ ಪಕ್ಕದ ಮನೆಗೂ ಕೇಳುವಷ್ಟು!

ಶೋ ಎಂಬುದು ಬಿದಿರು ಕೊಳವೆಗಳ ಗೊಂಚಲಿನಂಥ ಊದುವ ವಾದ್ಯ, ಅದರ ದನಿ ಮೆದು. 17 ಕೊಳವೆಗಳಲ್ಲಿ 15 ಮಾತ್ರ ನುಡಿಯುತ್ತವೆ. ಹಾರ್ಮೋನಿಯಂನಂತೆ ಲೋಹದ ರೀಡ್. ಉಸಿರು ಬಿಟ್ಟರೂ ಎಳೆದರೂ ನಾದ. ಸಾಮಾನ್ಯವಾಗಿ 5–6 ಸ್ವರ ಒಟ್ಟಿಗೆ ಹೊಮ್ಮುವುದರಿಂದ ಮೊದಲ ದಿನವೇ ಹಿತವೆನಿಸುತ್ತದೆ. ತೊಂದರೆ ತೇವದ್ದು: ಉಸಿರಿನ ಹನಿ ರೀಡ್ ಮೇಲೆ ಕೂತರೆ ಶ್ರುತಿ ಇಳಿಯುತ್ತದೆ, ಕೆಲವೊಮ್ಮೆ ಸ್ವರವೇ ಮೂಕ. ಹಾಗಾಗಿ ನುಡಿಸುವ ಮುಂಚೆ, ನಡುವೆ, ಮುಗಿದ ಮೇಲೂ ಕೆಂಡದ ಅಥವಾ ವಿದ್ಯುತ್ ಒಲೆಯ ಮೇಲೆ ತಿರುಗಿಸುತ್ತಾ ಕಾಯಿಸಬೇಕು. ಕಾವು ಅತಿಯಾದರೆ ರೀಡ್ ಹಿಡಿದಿರುವ ಮೇಣ ಕರಗೀತು.

ಖರ್ಚು ಕಡಿಮೆ ಬೇಕಿದ್ದರೆ ಹಿಚಿರಿಕಿ. ಅಭ್ಯಾಸಕ್ಕೆ ಪ್ಲಾಸ್ಟಿಕ್ಕಿನದೂ ಸಿಗುತ್ತದೆ. ದಿನವೂ ಒಲೆ ಹೊತ್ತಿಸುವ ತಾಳ್ಮೆಯಿದ್ದರೆ ಮಾತ್ರ ಶೋ.