ಜಾರುವ ಡೆಕ್‌ಗೆ ಮರಳೋ, ದಪ್ಪ ಪೇಂಟೋ, ಫೋಮೋ?

ನನ್ನ ಹಳೇ ಫೈಬರ್‌ಗ್ಲಾಸ್ ದೋಣಿಯ ಡೆಕ್ (ನಾವು ಓಡಾಡುವ ಮೇಲ್ನೆಲ) ಮೇಲಿದ್ದ ವಜ್ರಾಕಾರದ ಉಬ್ಬುಗಳು ಸವೆದು ನುಣ್ಣಗಾಗಿದ್ದವು. ಒದ್ದೆಯಾದರೆ ಕಾಲು ನಿಲ್ಲುತ್ತಿರಲಿಲ್ಲ. ಯಾವುದು ಹಾಕುವುದು ಅಂತ ತೀರ್ಮಾನವಾಗದೆ, ಮೂರು ಜಾಗದಲ್ಲಿ ಮೂರು ಬಗೆ ಹಾಕಿ ನೋಡಿದೆ. ಎರಡು ವರ್ಷವಾಯಿತು.

ಯಾವುದೇ ಆಗಲಿ, ಮೊದಲು ಡೆಕ್ ಮೇಲಿನ ಮೇಣ ತೆಗೆಯಬೇಕು, ಆಮೇಲೆ ಸ್ಯಾಂಡ್‌ಪೇಪರ್. ಉಲ್ಟಾ ಮಾಡಿದರೆ ಮೇಣ ಗೀರುಗಳೊಳಗೆ ಕೂತುಬಿಡುತ್ತದೆ, ಮೇಲೆ ಹಚ್ಚಿದ್ದು ಸಿಪ್ಪೆ ಏಳುತ್ತದೆ. ನೀರು ಚಿಮುಕಿಸಿ ನೋಡಿ. ಹನಿಹನಿಯಾಗಿ ನಿಂತರೆ ಮೇಣ ಇನ್ನೂ ಇದೆ.

ಲಂಗರು ಎತ್ತುವ ಮುಂತುದಿಗೆ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಮತ್ತು ಮರಳು. ಹಸಿ ಎಪಾಕ್ಸಿ ಮೇಲೆ ಒಣ ಸಿಲಿಕಾ ಮರಳನ್ನು ಪೂರ್ತಿ ಮುಚ್ಚುವಷ್ಟು ಉದುರಿಸಿದೆ. ಗಟ್ಟಿಯಾದ ಮೇಲೆ ಅಂಟದೆ ಉಳಿದದ್ದನ್ನು ಗುಡಿಸಿ, ಎರಡು ಕೋಟ್ ಪೇಂಟ್ ಹೊಡೆದೆ. ಪೇಂಟ್ ಬೇಡ ಅನ್ನುವ ಹಾಗಿಲ್ಲ, ಬಿಸಿಲಿಗೆ ಬರೀ ಎಪಾಕ್ಸಿ ತಡೆಯುವುದಿಲ್ಲ. ಹಿಡಿತದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಮಂಡಿಯೂರಿದರೆ ಚರ್ಮ ತರಚುತ್ತದೆ. ನನ್ನದೊಂದು ಪ್ಯಾಂಟ್ ಹಾಗೇ ಹೋಯಿತು.

ಪಕ್ಕದ ಓಡಾಟದ ದಾರಿಗೆ ಹಸಿ ಇರುವಾಗ ನೀರಿನಲ್ಲೇ ತೊಳೆಯಬಹುದಾದ ದಪ್ಪ ಅಕ್ರಿಲಿಕ್ ಪೇಂಟ್. ಹೆಚ್ಚುಕಡಿಮೆ ಪುಟ್ಟಿಯಷ್ಟೇ ಗಟ್ಟಿ. ಹಲ್ಲಿನ ಕರಣೆಯಲ್ಲಿ ಹರಡಿ, ಒರಟು ರೋಲರ್ ಎಳೆದರೆ ಸಣ್ಣ ಸಣ್ಣ ಮೊನೆ ಏಳುತ್ತವೆ. ಮೊದಲ ಸಲ ಕೆಡಿಸಿದೆ. ಜಾಸ್ತಿ ಜಾಗಕ್ಕೆ ಒಟ್ಟಿಗೇ ಹರಡಿ, ರೋಲರ್ ಹಿಡಿಯುವಷ್ಟರಲ್ಲಿ ಅಂಚು ಒಣಗಿತ್ತು. ಆಮೇಲೆ ಕೈಗೆಟಕುವಷ್ಟೇ ಜಾಗ ಹಿಡಿದು ಮಾಡಿದೆ. ಅಂಚಿಗೆ ಅಂಟಿಸಿದ ಮಾಸ್ಕಿಂಗ್ ಟೇಪನ್ನು ಪೇಂಟ್ ಹಸಿ ಇರುವಾಗಲೇ ಕೀಳಬೇಕು, ಇಲ್ಲವಾದರೆ ಪೇಂಟಿನ ಅಂಚು ಕಿತ್ತುಬರುತ್ತದೆ. ಹಳೇ ಉಬ್ಬುಗಳೆಲ್ಲ ಇದರಡಿ ಮುಚ್ಚಿಹೋದವು. ಚೂಪಾದ ಮೊನೆಗಳನ್ನು ಒಣಗಿದ ಮೇಲೆ ಸ್ಯಾಂಡ್‌ಪೇಪರಿನಲ್ಲಿ ಸವರಿದರೆ ಸಾಕು. ಹೋದ ವರ್ಷ ಲಂಗರು ಬಿದ್ದು ಒಂದು ಕಡೆ ಕಿತ್ತಿತ್ತು, ತೇಪೆ ಹಚ್ಚಿದೆ. ಎಲ್ಲಿ ಅಂತ ಈಗ ನಾನೇ ಹುಡುಕಬೇಕು. ನನಗೆ ಇದೇ ಇಷ್ಟವಾದದ್ದು.

ಕೂರುವ ಜಾಗದ ನೆಲಕ್ಕೆ ಹಿಂಬದಿಯಲ್ಲಿ ಅಂಟಿರುವ ಇವಿಎ ಫೋಮ್ (ಮೆತ್ತನೆಯ ರಬ್ಬರಿನಂಥ ಹಾಳೆ), 6 ಮಿ.ಮೀ. ದಪ್ಪದ್ದು. ಕಾಗದದಲ್ಲಿ ಅಳತೆ ಕತ್ತರಿಸಿಕೊಂಡು ಅರ್ಧ ದಿನದಲ್ಲಿ ಮುಗಿಸಿದೆ. ಬರಿಗಾಲಿಗೆ ಸುಖವೋ ಸುಖ. ಆದರೆ ನಾನು ಕಡು ಬಣ್ಣದ್ದು ತಂದಿದ್ದೆ, ಮಧ್ಯಾಹ್ನ ಕಾಲಿಡಲಾಗುವುದಿಲ್ಲ. ಭಾರದ ಪೆಟ್ಟಿಗೆ ಇಟ್ಟಲ್ಲಿ ಗುಳಿ ಬಿದ್ದಿದೆ. ಚೌಕವಾಗಿ ಕತ್ತರಿಸಿದ ಮೂಲೆಗಳು ಎದ್ದಿವೆ, ದುಂಡಗೆ ಮಾಡಿದವು ಇನ್ನೂ ಕೂತಿವೆ.

ಮುಂತುದಿಯ ಮರಳು ಹಾಗೇ ಇರಲಿ, ಅಲ್ಲಿ ಯಾರೂ ಕೂರುವುದಿಲ್ಲ ಅಲ್ವಾ. ಫೋಮ್ ಕಿತ್ತು ಅಲ್ಲಿಗೂ ಅಕ್ರಿಲಿಕ್ ಹಾಕಬೇಕು ಅಂತಿದ್ದೇನೆ. ಒಂದು ಮೂಲೆ ಎಬ್ಬಿಸಿ ನೋಡಿದೆ. ಫೋಮ್ ಬಂತು, ಅಂಟು ಡೆಕ್ ಮೇಲೇ ಉಳಿಯಿತು.