ಬಸ್ಸು, ರೂಮು, ಹಾಸ್ಟೆಲ್: ಹಾಸನದಲ್ಲಿ ಡಿಗ್ರಿ ಓದೋಕೆ ಯಾವುದು ವಾಸಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಸರ್ಕಾರಿ ಹಾಸ್ಟೆಲ್‌ಗೆ. ಹಳೇಬೀಡಿನ ಪಕ್ಕದ ಹಳ್ಳಿ ನಮ್ಮದು. ಹಾಸನದ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡುವಾಗ ಮೊದಲ ವರ್ಷ ಮನೆಯಿಂದ ಬಸ್ಸಲ್ಲಿ ಓಡಾಡಿದೆ. ಎರಡನೇ ವರ್ಷ ಗೆಳತಿಯರ ಜೊತೆ ರೂಮು ಮಾಡಿದೆ. ಮೂರನೇ ವರ್ಷ ಹಾಸ್ಟೆಲ್ ಸೀಟು ಸಿಕ್ಕಿತು. ಈಗ ತಮ್ಮ ಪಿಯುಸಿ ಮುಗಿಸಿದ್ದಾನೆ, ಮನೆಯಲ್ಲಿ ಮತ್ತೆ ಅದೇ ಲೆಕ್ಕಾಚಾರ. ಊರಲ್ಲೂ ಯಾರಾದರೂ ಕೇಳುತ್ತಲೇ ಇರುತ್ತಾರೆ. ಅದಕ್ಕೇ ಒಂದು ಕಡೆ ಬರೆದಿಡೋಣ ಅಂತ ಕೂತೆ.

ಫೀಸಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸರ್ಕಾರಿ ಪದವಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕ ಇಲ್ಲ, ಉಳಿದ ಚಿಲ್ಲರೆ ಶುಲ್ಕ ಮತ್ತು ಪರೀಕ್ಷೆ ಫೀಸು ಮಾತ್ರ ಕಟ್ಟಬೇಕು. ಗಂಡುಮಕ್ಕಳಿಗೂ ಖಾಸಗಿ ಕಾಲೇಜಿಗೆ ಹೋಲಿಸಿದರೆ ಅದು ದೊಡ್ಡ ಮೊತ್ತ ಅಲ್ಲ. ನಿಜವಾದ ಖರ್ಚು ಇರೋದು ಊಟಕ್ಕೆ, ಮಲಗೋ ಜಾಗಕ್ಕೆ, ಓಡಾಟಕ್ಕೆ. ಜನ ಕಾಲೇಜು ಯಾವುದು ಅಂತ ಹತ್ತು ಕಡೆ ವಿಚಾರಿಸುತ್ತಾರೆ, ಈ ಮೂರರ ಬಗ್ಗೆ ಕೇಳೋದೇ ಇಲ್ಲ.

ಬಸ್ಸಿನಿಂದ ಶುರು ಮಾಡುತ್ತೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ರಾಜಹಂಸ, ಸ್ಲೀಪರ್, ಎ.ಸಿ. ತರಹದ ಬಸ್ಸು ಬಿಟ್ಟು ರಾಜ್ಯದೊಳಗಿನ ಉಳಿದ ಸರ್ಕಾರಿ ಬಸ್ಸುಗಳಲ್ಲಿ ನಮ್ಮಂಥ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. "ಬಸ್ಸು ಫ್ರೀ, ಊಟ ಮನೇದು, ಇನ್ನೇನು ಖರ್ಚು?" ಅಂತ ಅಪ್ಪ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಕಾಗದದ ಮೇಲೆ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಆದರೆ ಹಳೇಬೀಡಿನಿಂದ ಹಾಸನಕ್ಕೆ 30 ಕಿ.ಮೀ. ಚಿಲ್ಲರೆ, ಅದಕ್ಕೆ ಮುಂಚೆ ನಮ್ಮ ಹಳ್ಳಿಯಿಂದ ಹಳೇಬೀಡಿಗೆ ಬರಬೇಕು. ಬೆಳಗಿನ ಬಸ್ಸು ನಮ್ಮ ಸ್ಟಾಪಿಗೆ ಬರುವಷ್ಟರಲ್ಲಿ ತುಂಬಿ ತುಳುಕುತ್ತಿರುತ್ತದೆ. ಕೆಲವು ದಿನ ನಿಲ್ಲಿಸುವುದೇ ಇಲ್ಲ. ಮುಂದಿನ ಬಸ್ಸಿಗೆ ಬಂದರೆ ಮೊದಲ ಪೀರಿಯಡ್ ಹೋಯಿತು. ಆರ್ಟ್ಸ್ ಆಗಿದ್ದರೆ ಹೇಗೋ ಸಂಭಾಳಿಸಬಹುದು. ಸೈನ್ಸಿನವರಿಗೆ ಮಧ್ಯಾಹ್ನ ಪ್ರಾಕ್ಟಿಕಲ್ಸ್ ಇರುತ್ತದೆ, ಸಂಜೆ ಮುಗಿಯೋದು ತಡ. ಟೈಟ್ರೇಶನ್ ಅರ್ಧಕ್ಕೆ ಬಿಟ್ಟು ಬ್ಯಾಗ್ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಓಡೋದು ಅಭ್ಯಾಸವೇ ಆಗಿಬಿಟ್ಟಿತ್ತು. ಪರೀಕ್ಷೆಗೆ ಕೂರಬೇಕಾದರೆ ಶೇ. 75 ಹಾಜರಿ ಬೇಕು, ಅಲ್ವಾ? ಮೊದಲ ಸೆಮಿಸ್ಟರ್ ಕೊನೆಗೆ ನನ್ನ ಹಾಜರಿ ಆ ಗೆರೆಯ ಮೇಲೆ ತೂಗಾಡುತ್ತಿತ್ತು. ಇನ್ನು ಸಂಜೆ ಹಸಿವಿಗೆ ಬಸ್ ಸ್ಟ್ಯಾಂಡಿನಲ್ಲಿ ತಿಂದ ಬಜ್ಜಿ, ಟೀ ಲೆಕ್ಕ ಬೇರೆ. ಮನೆಗೆ ಬಂದಮೇಲೆ ಪುಸ್ತಕ ಹಿಡಿದರೆ ನಿದ್ದೆ. ನಾನು ಬೆಳಗ್ಗೆ ಎದ್ದು ಓದೋಳು, ಆ ಹೊತ್ತೇ ಬಸ್ಸಿಗೆ ಹೋಗುತ್ತಿತ್ತು. ಬಸ್ಸು ಫ್ರೀ ಅನ್ನೋದು ನಿಜ, ಓದೋ ಹೊತ್ತನ್ನು ಮಾತ್ರ ಅದು ತಿಂದು ಹಾಕಿತು.

ಹಾಗಾಗಿ ಎರಡನೇ ವರ್ಷ ಹಾಸ್ಟೆಲ್‌ಗೆ ಅರ್ಜಿ ಹಾಕಿದೆ. ಸೀಟು ಸಿಗಲಿಲ್ಲ. ಹೀಗೆ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಅಂತಲೇ ವಿದ್ಯಾಸಿರಿ ಅನ್ನೋ ಸರ್ಕಾರಿ ಸಹಾಯಧನ ಇದೆ. ಊಟ, ವಸತಿಗೆ ನನ್ನ ಕಾಲಕ್ಕೆ ತಿಂಗಳಿಗೆ 1,500 ರೂಪಾಯಿ, ಹತ್ತು ತಿಂಗಳಿಗೆ 15,000. ಅದನ್ನೇ ನೆಚ್ಚಿಕೊಂಡು ಮೂವರು ಸೇರಿ ಒಂದು ರೂಮು ಹಿಡಿದೆವು. ನನ್ನ ಪಾಲಿನ ಬಾಡಿಗೆ ಹೆಚ್ಚುಕಮ್ಮಿ ಅಷ್ಟೇ ಬರುತ್ತಿತ್ತು. ಅಕ್ಕಿ, ರಾಗಿ ಹಿಟ್ಟು, ತೆಂಗಿನಕಾಯಿ ಊರಿಂದ ಬರುತ್ತಿತ್ತು. ಚಿಕ್ಕ ಸಿಲಿಂಡರ್, ಒಂದೇ ಬರ್ನರ್ ಸ್ಟವ್.

ರೂಮಿನ ಸುಖವೂ ಹೇಳಬೇಕು. ಯಾರ ಹಂಗೂ ಇಲ್ಲ, ರಾತ್ರಿ ಎಷ್ಟು ಹೊತ್ತಾದರೂ ಲೈಟ್ ಹಾಕಿಕೊಂಡು ಓದಬಹುದು. ಕಾಲೇಜಿಗೆ ನಡೆದೇ ಹೋಗುತ್ತಿದ್ದೆವು. ದುಡ್ಡಿನ ವಿಷಯಕ್ಕೆ ಬಂದರೆ ಮಾತ್ರ ಕಥೆ ಬೇರೆ. ಓನರ್‌ಗೆ ಅಡ್ವಾನ್ಸ್ ಮೊದಲೇ ಕೊಡಬೇಕು, ಬಾಡಿಗೆ ತಿಂಗಳು ತಿಂಗಳು ಕೊಡಬೇಕು, ರಜೆಯಲ್ಲಿ ಊರಿಗೆ ಹೋದರೂ ಕೊಡಬೇಕು. ವಿದ್ಯಾಸಿರಿ ಹಾಗೆ ತಿಂಗಳು ತಿಂಗಳು ಕೈಗೆ ಬರುವ ದುಡ್ಡಲ್ಲ. ಅರ್ಜಿ, ಪರಿಶೀಲನೆ, ಮಂಜೂರಾತಿ ಎಲ್ಲ ಮುಗಿದು ಒಟ್ಟಿಗೆ ಬರುತ್ತದೆ. ಅಲ್ಲಿಯವರೆಗೆ ಅಪ್ಪನ ಹಾಲಿನ ಬಟವಾಡೆಯೇ ಗತಿ.

ಒಟ್ಟಿಗೆ ಬಂದರೂ ಪರವಾಗಿಲ್ಲ ಅಂತಿದ್ದೆವು. ನನ್ನದು ಬರಲೇ ಇಲ್ಲ. ಈ ಒಂದು ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನನ್ನ ತರಗತಿಯಲ್ಲೇ ಇದೇ ಪಾಡು ಪಟ್ಟವರು ಹಲವರಿದ್ದರು.

ರಾಜ್ಯದ ಸ್ಕಾಲರ್‌ಶಿಪ್ ಅರ್ಜಿಗಳ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ನೋಡಿದರೆ ಹಣ ಜಮೆ ಆಗಿದೆ ಅಂತ ತೋರಿಸುತ್ತಿತ್ತು. ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಖಾಲಿ. ಬ್ಯಾಂಕಿನಲ್ಲಿ ಕೇಳಿದರೆ, "ನಿಮ್ಮ ಆಧಾರ್ ಲಿಂಕ್ ಆಗಿದೆ ಕಣಮ್ಮ, ನಮ್ಮ ಕಡೆಯಿಂದ ಏನೂ ತೊಂದರೆ ಇಲ್ಲ, ಕಾಲೇಜಲ್ಲಿ ಕೇಳಿ." ಕಾಲೇಜಿನ ಆಫೀಸಿನಲ್ಲಿ, "ನಾವು ಅಪ್ರೂವ್ ಮಾಡಿದ್ದೀವಿ, ಹಿಂದುಳಿದ ವರ್ಗಗಳ ಇಲಾಖೆಯಲ್ಲಿ ಕೇಳಿ." ಇಲಾಖೆಯಲ್ಲಿ, "ಹಣ ಹೋಗಿದೆ, ಬ್ಯಾಂಕಿನಲ್ಲಿ ಕೇಳಿ." ಮೂವರೂ ಹೇಳಿದ್ದು ನಿಜವೇ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗಾಯಿತು.

ಕೊನೆಗೆ ದಾರಿ ತೋರಿಸಿದ್ದು ಸೈಬರ್ ಸೆಂಟರಿನ ಹುಡುಗ. ಡಿಬಿಟಿ (ನೇರ ನಗದು ವರ್ಗಾವಣೆ) ಕರ್ನಾಟಕ ಅಂತ ಒಂದು ಆ್ಯಪ್ ಇದೆ, ಆಧಾರ್ ಹಾಕಿ ಲಾಗಿನ್ ಆದರೆ ಸರ್ಕಾರದಿಂದ ನಿಮ್ಮ ಹೆಸರಿಗೆ ಯಾವ ಹಣ, ಯಾವ ದಿನ, ಯಾವ ಬ್ಯಾಂಕಿಗೆ ಹೋಗಿದೆ ಅಂತ ತೋರಿಸುತ್ತದೆ. ಅದರಲ್ಲಿ ಬಂದ ಬ್ಯಾಂಕಿನ ಹೆಸರು ನೋಡಿ ತಲೆ ತಿರುಗಿತು. ಅಲ್ಲಿ ನನ್ನದೊಂದು ಖಾತೆ ಇದೆ ಅಂತಲೇ ಗೊತ್ತಿರಲಿಲ್ಲ. ಪಿಯುಸಿಯಲ್ಲಿದ್ದಾಗ ಸಿಮ್ ಕೊಂಡಿದ್ದೆ. ಅಂಗಡಿಯವನು "ಇನ್ನೊಂದ್ಸಲ ಹೆಬ್ಬೆಟ್ಟು ಒತ್ತಿ, ಸರಿಯಾಗಿ ಬಿದ್ದಿಲ್ಲ" ಅಂತ ಮತ್ತೆ ಮತ್ತೆ ಒತ್ತಿಸಿಕೊಂಡಿದ್ದ. ಅದರಲ್ಲೊಂದು ಒತ್ತಿನಲ್ಲಿ ಆ ಸಿಮ್ ಕಂಪನಿಯ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದುಬಿಟ್ಟಿದ್ದಾನೆ.

ನಡೆದದ್ದು ಇಷ್ಟು. ಆಧಾರ್ ನಂಬರ್ ನಿಮ್ಮ ಬ್ಯಾಂಕಿನ ದಾಖಲೆಯಲ್ಲಿ ಇದ್ದ ಮಾತ್ರಕ್ಕೆ ಸರ್ಕಾರದ ಹಣ ಅಲ್ಲಿಗೆ ಬರುವುದಿಲ್ಲ. ಬ್ಯಾಂಕುಗಳ ನಡುವಿನ ಹಣ ವರ್ಗಾವಣೆ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆ ಹತ್ತಿರ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು. ಕೊನೆಯದಾಗಿ ಯಾವ ಬ್ಯಾಂಕು ಆ ಪಟ್ಟಿಗೆ ಸೇರಿದೆಯೋ (ಇದಕ್ಕೇ ಸೀಡಿಂಗ್ ಅನ್ನೋದು) ಹಣ ಅಲ್ಲಿಗೇ ಹೋಗುತ್ತದೆ. ನಾವು ಅರ್ಜಿಯ ಜೊತೆ ಪಾಸ್‌ಬುಕ್ ಜೆರಾಕ್ಸ್ ಕೊಟ್ಟರೂ ಅಷ್ಟೇ. ನಾಲ್ಕು ಬ್ಯಾಂಕಿನಲ್ಲಿ ಆಧಾರ್ ಕೊಟ್ಟಿದ್ದರೂ ಪಟ್ಟಿಯಲ್ಲಿ ಇರೋದು ಒಂದೇ.

ಹಣ ಇದೆ ಅಂತ ಗೊತ್ತಾದ ಮೇಲೂ ತೆಗೆಯೋದು ಸುಲಭ ಇರಲಿಲ್ಲ. ಆ ಸಿಮ್ ರೀಚಾರ್ಜ್ ಇಲ್ಲದೆ ಸತ್ತು ಹೋಗಿತ್ತು. ಖಾತೆಗೆ ಲಾಗಿನ್ ಆಗೋಣ ಅಂದರೆ ಒಟಿಪಿ ಆ ಸತ್ತ ನಂಬರಿಗೆ. ಆಮೇಲೆ ಹೆಬ್ಬೆಟ್ಟು ಒತ್ತಿ ದುಡ್ಡು ಕೊಡುವ ಅಂಗಡಿಗೆ ಹೋಗಿ, ಅಷ್ಟೂ ಒಂದೇ ಸಲ ಬರಲ್ಲ ಅಂದಿದ್ದಕ್ಕೆ ಬಿಡಿಬಿಡಿಯಾಗಿ ತೆಗೆದೆ. ಹೆಬ್ಬೆಟ್ಟಿನಿಂದ ಹೋದದ್ದು ಹೆಬ್ಬೆಟ್ಟಿನಿಂದಲೇ ವಾಪಸ್ ಬಂತು! ಆಮೇಲೆ ಊರಿನ ಬ್ಯಾಂಕಿಗೆ ಹೋಗಿ, "ಸರ್, ಆಧಾರ್ ಲಿಂಕ್ ಅಲ್ಲ, ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ" ಅಂತ ಒಪ್ಪಿಗೆ ಫಾರಂ ತುಂಬಿ ಕೊಟ್ಟೆ. ನೀವೂ ಹೀಗೇ ಬಾಯಿಬಿಟ್ಟು ಕೇಳಿ. ಇಲ್ಲದಿದ್ದರೆ ಮತ್ತೆ ಕೆವೈಸಿ ಫಾರಂ ಕೊಟ್ಟು ಕಳಿಸುತ್ತಾರೆ. ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು ಸೀಡ್ ಮಾಡಿಸಿಕೊಂಡ ಗೆಳತಿಗೆ ಬೇಗ ಕೆಲಸ ಆಯಿತು. ಅರ್ಜಿ ಹಾಕುವ ಮುಂಚೆಯೇ ಮೈಆಧಾರ್ ಪೋರ್ಟಲ್‌ನಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿಕೊಳ್ಳಬಹುದು. ಕೂತಲ್ಲೇ ಆಗುವ ಕೆಲಸ.

ಇಷ್ಟೆಲ್ಲ ಆಗುವಷ್ಟರಲ್ಲಿ ರೂಮಿನ ವರ್ಷವೇ ಮುಗಿಯುತ್ತಾ ಬಂದಿತ್ತು. ವಿದ್ಯಾಸಿರಿ ಒಳ್ಳೆಯ ಯೋಜನೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದನ್ನು ನಂಬಿ ಬಾಡಿಗೆ ಒಪ್ಪಿಕೊಳ್ಳಬೇಡಿ. ಬಂದಾಗ ಸಾಲ ತೀರಿಸೋಕೆ ಆಗುವ ದುಡ್ಡು ಅದು.

ಬೇರೆ ಸ್ಕಾಲರ್‌ಶಿಪ್‌ಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಎಲ್ಲಿದ್ದರೂ ಇವು ಲೆಕ್ಕಕ್ಕೆ ಬರುತ್ತವೆ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ಅಂತ ನಿಗದಿ. ಸ್ನಾತಕೋತ್ತರಕ್ಕೆ 10,000 ಮತ್ತು 11,000. ಇದಕ್ಕೆ ಅಪ್ಪ ಅಥವಾ ಅಮ್ಮನ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಬೇಕು, ಫ್ರೂಟ್ಸ್ ಐಡಿಗೆ ಪಹಣಿ ಬೇಕು. ನಮ್ಮ ಪಹಣಿ ತೀರಿಕೊಂಡ ತಾತನ ಹೆಸರಲ್ಲೇ ಇತ್ತು. ಜಮೀನಲ್ಲಿ ಆಲೂಗಡ್ಡೆ ಬಿತ್ತೋದು ಅಪ್ಪ, ಕಾಗದದಲ್ಲಿ ಅಪ್ಪ ರೈತನೇ ಅಲ್ಲ. ಚಿಕ್ಕಪ್ಪಂದಿರ ಜೊತೆ ಕೂತು ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ, ಮಾಡಿಸಿದ ಮೇಲೆ ಸರಿಹೋಯಿತು. ನಿಮ್ಮ ಮನೆಯಲ್ಲೂ ಹಾಗೇ ಇದ್ದರೆ ಮಕ್ಕಳು ಹೈಸ್ಕೂಲಿನಲ್ಲಿದ್ದಾಗಲೇ ಮಾಡಿಸಿ.

ಪಿಯುಸಿಯಲ್ಲಿ ಚೆನ್ನಾಗಿ ಅಂಕ ತೆಗೆದವರು ಕೇಂದ್ರದ ಎನ್‌ಎಸ್‌ಪಿ (ನ್ಯಾಷನಲ್ ಸ್ಕಾಲರ್‌ಶಿಪ್) ಪೋರ್ಟಲ್‌ನಲ್ಲಿ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ನೋಡಿ. ಪದವಿಗೆ ವರ್ಷಕ್ಕೆ 12,000. ಮನೆ ವರಮಾನ 4.5 ಲಕ್ಷದ ಒಳಗಿರಬೇಕು. ಮುಂದಿನ ವರ್ಷಕ್ಕೆ ನವೀಕರಿಸಬೇಕಾದರೆ ಶೇ. 50 ಅಂಕ, ಶೇ. 75 ಹಾಜರಿ. ಬಸ್ಸಿನಲ್ಲಿ ಓಡಾಡುವವರು ಈ ಹಾಜರಿ ಮಾತನ್ನು ಇನ್ನೊಂದ್ಸಲ ಓದಿಕೊಳ್ಳಿ.

ಎಸ್ಸೆಸ್ಸೆಲ್ಸಿ, ಪಿಯುಸಿ ಎರಡೂ ಸರ್ಕಾರಿ ಶಾಲೆ ಕಾಲೇಜಿನಲ್ಲೇ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತದೆ. ಈಗ ಪದವಿಗೆ ಸೇರುತ್ತಿರುವವರು ಬೇರೆಲ್ಲಕ್ಕಿಂತ ಮೊದಲು ಇದನ್ನು ನೋಡಿ. ಬೇಲೂರು, ಸಕಲೇಶಪುರ ಕಡೆ ಕಾಫಿ ತೋಟದಲ್ಲಿ ಕೆಲಸ ಮಾಡುವವರ ಮಕ್ಕಳಿಗೆ ಕಾಫಿ ಬೋರ್ಡಿನ ಸಹಾಯಧನವೂ ಇದೆ, ತೋಟದ ರೈಟರ್ ಹತ್ತಿರ ಕೇಳಿದರೆ ಗೊತ್ತಾಗುತ್ತದೆ.

ಇನ್ನು ಹಾಸ್ಟೆಲ್. ಅರ್ಜಿ ಹಾಕುವುದು ಎಸ್‌ಎಚ್‌ಪಿ ಅನ್ನೋ ರಾಜ್ಯದ ಹಾಸ್ಟೆಲ್ ಪೋರ್ಟಲ್‌ನಲ್ಲಿ, ಜಾತಿ ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಕೈಯಲ್ಲಿರಲಿ. ಆದಾಯ ಪತ್ರಕ್ಕೆ ಐದು ವರ್ಷ ಮಾತ್ರ ಆಯಸ್ಸು, ಹೈಸ್ಕೂಲಿನಲ್ಲಿ ಮಾಡಿಸಿದ್ದು ಡಿಗ್ರಿ ಮಧ್ಯದಲ್ಲಿ ಮುಗಿದಿರಬಹುದು. ಸೀಟು ಸಿಗೋದು ಅಂಕ, ಪ್ರವರ್ಗ ನೋಡಿ. ಮೊದಲ ಪಟ್ಟಿಯಲ್ಲಿ ಹೆಸರಿಲ್ಲ ಅಂತ ಸುಮ್ನೆ ಕೂರಬೇಡಿ. ಬೇರೆ ಕಡೆ ಸೇರಿಕೊಂಡು ಬಿಟ್ಟವರ ಸೀಟು ಆಮೇಲೆ ಖಾಲಿ ಆಗುತ್ತದೆ. ನನಗೆ ಸಿಕ್ಕಿದ್ದೂ ಹಾಗೇ.

ಒಳಗೆ ಅರಮನೆ ಏನಲ್ಲ. ಒಂದು ರೂಮಿನಲ್ಲಿ ಹೆಚ್ಚು ಜನ, ಬೆಳಗ್ಗೆ ಬಾತ್‌ರೂಮಿಗೆ ಕ್ಯೂ, ಸಂಜೆ ಇಷ್ಟು ಹೊತ್ತಿಗೆ ಒಳಗಿರಬೇಕು ಅಂತ ಕಟ್ಟು, ಹಾಜರಿಗೆ ಹೆಬ್ಬೆಟ್ಟು. ಪಲ್ಯದಲ್ಲಿ ಎಲೆಕೋಸು ಬಿಟ್ಟು ಬೇರೆ ತರಕಾರಿ ಹುಡುಕಿದ ದಿನಗಳಿವೆ. ಆದರೂ ತಟ್ಟೆ ಹಿಡಿದು ಹೋದರೆ ಮೂರು ಹೊತ್ತು ಊಟ ಇತ್ತು. ತಟ್ಟೆ ಅದಲುಬದಲಾಗದಿರಲಿ ಅಂತ ಎಲ್ಲರೂ ಹೆಸರು ಕೊರೆಸಿಕೊಂಡಿದ್ದೆವು, ನನ್ನದರಲ್ಲಿ ಅಮ್ಮನ ಹೆಸರು, ಮನೆಯಿಂದ ತಂದದ್ದಲ್ವಾ. ರಾತ್ರಿ ಬಿಸಿ ಮುದ್ದೆ, ಸೊಪ್ಪಿನ ಸಾರು. ಅಡುಗೆಯ ಅಕ್ಕ ಮುದ್ದೆ ಕಟ್ಟುತ್ತಿದ್ದ ಗಾತ್ರ ನೋಡಿದರೆ ಅರ್ಧ ಸಾಕು ಅನ್ನಬೇಕು, ಪರೀಕ್ಷೆ ಸಮಯದಲ್ಲಿ ಪೂರ್ತಿಯೇ ಹೋಗುತ್ತಿತ್ತು.

ನನ್ನ ವೋಟು ಯಾಕೆ ಹಾಸ್ಟೆಲ್‌ಗೆ ಅಂದರೆ, ಅಲ್ಲಿ ಸರ್ಕಾರದ ಸಹಾಯ ಅನ್ನವಾಗಿ, ಹಾಸಿಗೆಯಾಗಿ ಅವತ್ತವತ್ತೇ ಬರುತ್ತದೆ. ಅದಕ್ಕೆ ಸೀಡಿಂಗ್ ಬೇಡ, ಒಟಿಪಿ ಬೇಡ. ಆ ವರ್ಷ ಮನೆಯಿಂದ ನಾನು ತರಿಸಿಕೊಂಡದ್ದು ಸೋಪು, ಎಣ್ಣೆ, ಜೆರಾಕ್ಸ್, ಮೊಬೈಲ್ ರೀಚಾರ್ಜಿನ ದುಡ್ಡು ಅಷ್ಟೇ. ರೈತ ವಿದ್ಯಾನಿಧಿ ಬಂದಾಗ ಅದು ಯಾರ ಸಾಲಕ್ಕೂ ಹೋಗಲಿಲ್ಲ, ಪರೀಕ್ಷೆ ಫೀಸು ಕಟ್ಟಿ ಉಳಿದಿದ್ದರಲ್ಲಿ ಪುಸ್ತಕ ಕೊಂಡೆ.

ಒಂದು ಮಾತು. ವಿಶ್ವವಿದ್ಯಾಲಯದ್ದೇ ಹಾಸ್ಟೆಲ್ ಬೇರೆ, ಇಲಾಖೆಗಳ ಹಾಸ್ಟೆಲ್ ಬೇರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಓದಿದ ಅತ್ತೆ ಮಗಳಿಗೆ ಮೆಸ್ ಬಿಲ್ ತಿಂಗಳ ಕೊನೆಗೆ ಡಿವೈಡಿಂಗ್ ಲೆಕ್ಕದಲ್ಲಿ, ಅಂದರೆ ಒಟ್ಟು ಖರ್ಚನ್ನು ಎಲ್ಲರಿಗೂ ಹಂಚಿ, ಬರುತ್ತಿತ್ತು. ಮೊದಲು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿ ಆಮೇಲೆ ಹಾಸನ ವಿಶ್ವವಿದ್ಯಾಲಯ ಆಯಿತು. ಎಂ.ಎಸ್ಸಿ.ಗೆ ನಾನು ಅಲ್ಲೇ ಸೇರಬೇಕು ಅಂತಿರೋದಕ್ಕೆ ಅರ್ಧ ಕಾರಣ ಈ ಲೆಕ್ಕವೇ. ಮೈಸೂರು ಅಂದರೆ ಮನಸ್ಸು ಎಳೆಯುತ್ತದೆ, ಜೇಬು ಒಪ್ಪಲ್ಲ.

ತಮ್ಮನ ವಿಷಯ ಸ್ವಲ್ಪ ಬೇರೆ. ಅವನಿಗೆ ಶಕ್ತಿ ಇಲ್ಲ, ಸೇವಾ ಸಿಂಧುವಿನಲ್ಲಿ ವಿದ್ಯಾರ್ಥಿ ಪಾಸ್ ಮಾಡಿಸಬೇಕು. ಅವನು ಬಿ.ಕಾಂ., ಪ್ರಾಕ್ಟಿಕಲ್ಸ್ ಗೋಳಿಲ್ಲ, ಬಸ್ಸಲ್ಲಿ ನಿಂತೇ ನಿದ್ದೆ ಮಾಡುವ ಗಿರಾಕಿ. ಸಂಜೆ ಹಸು ಕರೆಯೋಕೆ ಅಪ್ಪನಿಗೆ ಒಂದು ಕೈಯೂ ಬೇಕು. ಹಾಸ್ಟೆಲ್ ಅರ್ಜಿ ಹಾಕಿಸಿದ್ದೇನೆ. ಸಿಕ್ಕರೆ ಹೋಗಲಿ, ಸಿಗದಿದ್ದರೆ ರೂಮು ಬೇಡ, ಬಸ್ಸೇ ಇರಲಿ ಅಂತ ಮನೆಯಲ್ಲಿ ಹೇಳಿದ್ದೇನೆ. ಅವನ ಆಧಾರ್ ಸೀಡಿಂಗ್ ಹೋದ ವಾರವೇ ನೋಡಿಯಾಯಿತು. ಅವನದೂ ಅದೇ ಸಿಮ್ ಕಂಪನಿಯ ಖಾತೆಯಲ್ಲಿ ಕೂತಿತ್ತು, ಸೋಮವಾರ ಬ್ಯಾಂಕಿಗೆ ಕರೆದುಕೊಂಡು ಹೋಗಬೇಕು.