ಎಎಂ4 ಸಾಕಾ, ಎಎಂ5ಗೇ ಹೋಗ್ಬೇಕಾ?

ಡೊಂಬಿವಲಿಯಲ್ಲಿರೋ ನಮ್ಮಕ್ಕನ ಮಗ ಗೇಮಿಂಗ್ ಪಿಸಿ ನಾನೇ ಕಟ್ತೀನಿ ಅಂತ ಹಠ ಹಿಡಿದಿದಾನೆ, ಭಾನುವಾರ ಬಿಟ್ಟು ಶನಿವಾರ ಗ್ರಾಂಟ್ ರೋಡಲ್ಲಿ ಇಳಿದು ಮುಂಬೈನ ಕಂಪ್ಯೂಟರ್ ಪಾರ್ಟ್ಸ್ ಬೀದಿ ಲ್ಯಾಮಿಂಗ್ಟನ್ ರೋಡ್ ಎರಡು ಸಲ ಸುತ್ತಿದ್ವಿ, ಕೊನೆಗೆ ಉಳಿದಿದ್ದು ಒಂದೇ ಪ್ರಶ್ನೆ: ಪ್ರೊಸೆಸರ್ ಎಎಂಡಿಯ ರೈಜೆನ್ 5 5600ಆ, 7600ಆ?

5600 ಎಎಂ4 ಸಾಕೆಟ್ (ಮದರ್‌ಬೋರ್ಡಲ್ಲಿ ಚಿಪ್ ಕೂರೋ ಜಾಗ), ಡಿಡಿಆರ್4 ರ‍್ಯಾಮ್. 7600 ಎಎಂ5, ಡಿಡಿಆರ್5 ಮಾತ್ರ. ಒಂದರ ರ‍್ಯಾಮ್ ಇನ್ನೊಂದಕ್ಕೆ ಕೂರಲ್ಲ, ಸ್ಟಿಕ್ಕಿನ ಕಚ್ಚೇ ಬೇರೆ ಜಾಗದಲ್ಲಿರುತ್ತೆ, ಬಲ ಹಾಕಿ ಒತ್ತಬೇಡಿ ಮಾರಾಯ್ರೆ.

5600 ಅಗ್ಗ, ಆದ್ರೆ ಬೋರ್ಡ್ ನೋಡ್ಕೊಂಡು ತಗೋಬೇಕು. ನಾನು ಸೆಕೆಂಡ್‌ಹ್ಯಾಂಡ್ ಬಿ450 ಬೋರ್ಡ್ ತಂದಿದ್ದೆ, ಅಂಗಡಿಯವ್ನು "ಚಲೇಗಾ ಸಾಬ್" ಅಂದಿದ್ದ, ಮನೆಗೆ ಬಂದು ಆನ್ ಮಾಡಿದ್ರೆ ಫ್ಯಾನ್ ತಿರುಗ್ತಿದೆ, ಸ್ಕ್ರೀನ್ ಕಪ್ಪು, ರಾತ್ರಿ ಹನ್ನೆರಡರ ತನಕ ಕೇಬಲ್ ಕಿತ್ತು ಹಾಕಿದ್ದೇ ಬಂತು. ಬಿ450 ಬಂದಿದ್ದು 2018ರಲ್ಲಿ, 5600 ಬಂದಿದ್ದು 2022ರಲ್ಲಿ, ಹಳೇ ಬಯೋಸ್‌ಗೆ (ಪಿಸಿ ಶುರು ಮಾಡೋ, ಬೋರ್ಡಲ್ಲೇ ಇರೋ ಪ್ರೋಗ್ರಾಂ) ಆ ಚಿಪ್ಪಿನ ಪರಿಚಯವೇ ಇರ್ಲಿಲ್ಲ. ಜೊತೆಗೆ 5600ಲ್ಲಿ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ದೆ ಏನೂ ಕಾಣಲ್ಲ. 7600ಲ್ಲಿ ಚಿಕ್ಕದೊಂದಿದೆ, ಗೇಮ್ ಆಡೋಕಲ್ಲ, ಟೆಸ್ಟ್ ಮಾಡೋಕೆ ಸಾಕು.

ಪಿನ್ ಕಥೆ ಉಲ್ಟಾ: 5600ಲ್ಲಿ ಚಿಪ್ಪಿನಡಿ, 7600ಲ್ಲಿ ಬೋರ್ಡಿನ ಸಾಕೆಟ್ಟಲ್ಲಿ. ಎರಡಕ್ಕೂ ಕೂಲರ್ ಬಾಕ್ಸಲ್ಲೇ ಬರುತ್ತೆ.

ಮನೇಲಿ ಡಿಡಿಆರ್4 ಸ್ಟಿಕ್ ಬಿದ್ದಿದ್ರೆ 5600 ಹಾಕಿ, ಉಳಿದ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ. ಎಲ್ಲಾ ಹೊಸದೇ ಆದ್ರೆ ನಂದು 7600, ಬಯೋಸ್ ಅಪ್‌ಡೇಟ್ ಮಾಡಿದ್ರೆ ರೈಜೆನ್ 9000 ಸೀರೀಸೂ ಅದೇ ಬೋರ್ಡಲ್ಲಿ ಕೂರುತ್ತೆ. ಹುಡುಗ ಇನ್ನೂ ಆರ್‌ಜಿಬಿ ಫ್ಯಾನ್ ಬಣ್ಣದಲ್ಲೇ ಇದಾನೆ.